ಬೀಪ್ ಬಂದರೆ ಸಾಲದು: ಟ್ರೇಲರ್ ದೀಪಗಳಿಗೆ ಮನೆಯಲ್ಲೇ ವೈರಿಂಗ್

ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ ಮೇಗರವಳ್ಳಿ ಸಿಗುತ್ತದೆ. ಇದೇ ರಸ್ತೆ ಮುಂದೆ ಆಗುಂಬೆ ಘಾಟಿಯ 14 ತಿರುವು ಇಳಿದು, ಹೆಬ್ರಿ, ಉಡುಪಿ ದಾಟಿ ಮಲ್ಪೆ ಮುಟ್ಟುತ್ತದೆ. ರಾಷ್ಟ್ರೀಯ ಹೆದ್ದಾರಿ 169ಎ ಅಂದರೆ ಇದೇ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿ.ಮೀ.ಗೂ ಹೆಚ್ಚು ಮಳೆ. ಮಳೆ ಬಿಟ್ಟ ಮೇಲೂ ಎಷ್ಟೋ ದಿನ ಮಂಜು. ಎರಡೂ ಕಡೆ ಕಾಡು ಇರೋದರಿಂದ ಕತ್ತಲೂ ಬೇಗ ಕವಿಯುತ್ತೆ. ಇಂಥ ರಸ್ತೆಯಲ್ಲಿ ಅಡಿಕೆ ಕೊಯ್ಲಿನ ಕಾಲಕ್ಕೆ ಟ್ರ್ಯಾಕ್ಟರು, ಟಿಲ್ಲರು, ಜೀಪುಗಳು ಹಿಂದೆ ಟ್ರೇಲರ್ ಕಟ್ಟಿಕೊಂಡು ಓಡಾಡುತ್ತವೆ. ಮುಂದಿನ ಗಾಡಿಯ ದೀಪ ಎಷ್ಟೇ ಚೆನ್ನಾಗಿರಲಿ, ಹೇರಿದ ಟ್ರೇಲರ್ ಅದನ್ನು ಪೂರ್ತಿ ಮುಚ್ಚಿಬಿಡುತ್ತದೆ. ಹಿಂದೆ ಬರುವ ಬೈಕಿನವನಿಗೆ ಕಾಣೋದು ಟ್ರೇಲರ್‌ನ ದೀಪ ಮಾತ್ರ. ಅದು ಹತ್ತದಿದ್ದರೆ ಅವನ ಮುಂದೆ ಇರೋದು ಬರೀ ಕತ್ತಲೆ.

ಕಳೆದ ರಜೆಯಲ್ಲಿ ನಾವು ನಾಲ್ವರು ಸೇರಿ ಮೇಗರವಳ್ಳಿ ಕಡೆಯ ಗೆಳೆಯನೊಬ್ಬನ ಮನೆಯ ಹಳೇ ಬೊಲೆರೊಗೂ ಎರಡು ಚಕ್ರದ ಸಣ್ಣ ಟ್ರೇಲರ್‌ಗೂ ವೈರಿಂಗ್ ಮಾಡಿದೆವು. ಕೆಲಸ ಕಷ್ಟದ್ದಲ್ಲ. ಪಿಯುಸಿಯಲ್ಲಿ ಓದಿದ ಓಮ್‌ನ ನಿಯಮ ಗೊತ್ತಿದ್ದರೆ ಸಾಕು. ಆದರೆ ಆ ನಿಯಮವನ್ನು ಎಲ್ಲಿ ಬಳಸಬೇಕು ಅನ್ನೋದರಲ್ಲೇ ಎಲ್ಲಾ ಇದೆ. ಅದನ್ನೇ ಇಲ್ಲಿ ಹಂತ ಹಂತವಾಗಿ ನೋಡೋಣ.

ಮೊದಲು ಲೆಕ್ಕ

ಟ್ರೇಲರ್‌ನಲ್ಲಿ ಇರಬೇಕಾದ ದೀಪಗಳು ಇಷ್ಟು: 21 ವಾಟ್‌ನ ಬ್ರೇಕ್ ಲೈಟ್ ಎರಡು, 21 ವಾಟ್‌ನ ಇಂಡಿಕೇಟರ್ ಎರಡು, 5 ವಾಟ್‌ನ ಟೇಲ್ ಲೈಟ್ ಎರಡು, ನಂಬರ್ ಪ್ಲೇಟ್‌ಗೆ 5 ವಾಟ್‌ನದ್ದು ಒಂದು. ಬ್ಯಾಟರಿ 12 ವೋಲ್ಟ್. ವಾಟನ್ನು ವೋಲ್ಟಿನಿಂದ ಭಾಗಿಸಿದರೆ ಆಂಪಿಯರ್ ಸಿಗುತ್ತದೆ.

ಬ್ರೇಕ್: 42 ÷ 12 = 3.5 ಆಂಪಿಯರ್
ಎರಡೂ ಇಂಡಿಕೇಟರ್ (ಹಜಾರ್ಡ್ ಹಾಕಿದಾಗ): 42 ÷ 12 = 3.5 ಆಂಪಿಯರ್
ಟೇಲ್ ಮತ್ತು ನಂಬರ್ ಪ್ಲೇಟ್: 15 ÷ 12 = 1.25 ಆಂಪಿಯರ್

ಮಂಜಿನಲ್ಲಿ ಹಜಾರ್ಡ್ ಹಾಕಿಕೊಂಡು ಬ್ರೇಕ್ ಒತ್ತಿದರೆ ಒಟ್ಟು 8.25 ಆಂಪಿಯರ್. ಈ ಸಂಖ್ಯೆ ನೆನಪಿರಲಿ. ಬ್ರೇಕ್‌ನ ವೈರಲ್ಲಿ 3.5 ಹರಿಯುತ್ತೆ, ಟೇಲ್‌ನ ವೈರಲ್ಲಿ ಒಂದು ಚಿಲ್ಲರೆ. ಆದರೆ ವಾಪಸ್ ಬರುವ ಅರ್ತ್ ವೈರು ಒಂದೇ. ಎಲ್ಲಾ ದೀಪದ ಕರೆಂಟೂ, ಅಂದರೆ ಪೂರ್ತಿ 8.25 ಆಂಪಿಯರ್, ಅದರ ಮೇಲೇ ಬೀಳುತ್ತದೆ.

ಏಳು ಪಿನ್ನಿನ ಸಾಕೆಟ್

ಅಂಗಡಿಯಲ್ಲಿ ಸಿಗುವ ದುಂಡನೆಯ ಏಳು ಪಿನ್ನಿನ ಸಾಕೆಟ್‌ಗೆ ಐಎಸ್‌ಒ 1724 ಅನ್ನುವ ಅಂತರರಾಷ್ಟ್ರೀಯ ಮಾನದಂಡ ಇದೆ. ಅದರ ಪ್ರಕಾರ:

1 – ಹಳದಿ – ಎಡ ಇಂಡಿಕೇಟರ್
2 – ನೀಲಿ – ಹಿಂದಿನ ಫಾಗ್ ಲೈಟ್ (ನಮ್ಮಲ್ಲಿ ಖಾಲಿ)
3 – ಬಿಳಿ – ಅರ್ತ್
4 – ಹಸಿರು – ಬಲ ಇಂಡಿಕೇಟರ್
5 – ಕಂದು – ಬಲ ಟೇಲ್
6 – ಕೆಂಪು – ಬ್ರೇಕ್
7 – ಕಪ್ಪು – ಎಡ ಟೇಲ್

ಅಂಗಡಿಯವರು ಕೊಡುವ ಕೇಬಲ್‌ನಲ್ಲಿ ಇದೇ ಬಣ್ಣ ಇರುತ್ತದೆ ಅಂತ ಹೇಳಕ್ಕಾಗಲ್ಲ. ಆದ್ದರಿಂದ ಬಣ್ಣ ನೋಡಿ ಜೋಡಿಸಬೇಡಿ, ಪಿನ್ನಿನ ಪಕ್ಕ ಕೊರೆದಿರುವ ನಂಬರ್ ನೋಡಿ ಜೋಡಿಸಿ. ಈ ಕ್ರಮ ಬಿಡದಿದ್ದರೆ ನಾಳೆ ಪಕ್ಕದ ಮನೆಯವರ ಟ್ರೇಲರ್ ತಂದು ಸಿಕ್ಕಿಸಿದರೂ ಎಡದ ಇಂಡಿಕೇಟರ್ ಎಡಕ್ಕೇ ಹತ್ತುತ್ತದೆ.

ರಿಲೇ ಯಾಕೆ?

ಸುಲಭದ ದಾರಿ ಅಂದರೆ ಗಾಡಿಯ ಟೇಲ್ ಲೈಟ್ ವೈರನ್ನು ಸುಲಿದು, ಟ್ರೇಲರ್ ವೈರನ್ನು ಅದಕ್ಕೇ ಸುತ್ತಿ, ಟೇಪ್ ಹಾಕೋದು. ಹಾಗೆ ಮಾಡಿದರೆ ಗಾಡಿಯ ಬ್ರೇಕ್ ಸ್ವಿಚ್ಚು, ಫ್ಯೂಸು, ವೈರು ಮೂರೂ ತಮ್ಮ ದೀಪದ ಜೊತೆಗೆ ಇನ್ನೊಂದು 3.5 ಆಂಪಿಯರ್ ಹೊರಬೇಕಾಗುತ್ತದೆ. ಇನ್ನೊಂದು ತೊಂದರೆ ಇಂಡಿಕೇಟರ್‌ದು. ಬಲ್ಬ್ ಸುಟ್ಟರೆ ಇಂಡಿಕೇಟರ್ ಬೇಗ ಬೇಗ ಮಿಣುಕಿ ಸುಳಿವು ಕೊಡುವ ವ್ಯವಸ್ಥೆ ಅನೇಕ ಗಾಡಿಗಳಲ್ಲಿದೆ. ಅದು ಹರಿಯುವ ಕರೆಂಟನ್ನು ನೋಡಿ ತಿಳಿಯುತ್ತದೆ. ಟ್ರೇಲರ್ ಬಲ್ಬು ಅದೇ ವೈರಿಗೆ ಸೇರಿದರೆ, ಒಂದು ಬಲ್ಬ್ ಸತ್ತರೂ ಇನ್ನೊಂದರ ಕರೆಂಟ್ ಇರುತ್ತದಲ್ಲ, ಸುಳಿವೇ ಸಿಗದೆ ಹೋಗಬಹುದು.

ರಿಲೇ ಹಾಕಿದರೆ ಗಾಡಿಯ ವೈರಿನಿಂದ ಹೋಗೋದು ರಿಲೇ ಕಾಯಿಲ್‌ಗೆ ಬೇಕಾದ ಸುಮಾರು 0.15 ಆಂಪಿಯರ್ ಮಾತ್ರ. ದೀಪದ ಕರೆಂಟು ಬ್ಯಾಟರಿಯಿಂದ ಬೇರೆ ದಾರಿಯಲ್ಲಿ ಬರುತ್ತದೆ. ನಾಲ್ಕು ರಿಲೇ ಬೇಕು: ಎಡ, ಬಲ, ಬ್ರೇಕ್, ಟೇಲ್. ಪ್ರತಿ ರಿಲೇಯ ಕೆಳಗೂ ನಂಬರ್ ಇರುತ್ತದೆ. 86ಕ್ಕೆ ಗಾಡಿಯ ಆಯಾ ದೀಪದ ವೈರು. 85ಕ್ಕೆ ಅರ್ತ್. 30ಕ್ಕೆ ಬ್ಯಾಟರಿಯಿಂದ ಫ್ಯೂಸ್ ದಾಟಿ ಬಂದ ವೈರು. 87ರಿಂದ ಸಾಕೆಟ್‌ಗೆ. ಕಾಯಿಲ್ ಆಫ್ ಆಗುವಾಗ ಎದ್ದು ಬರುವ ವೋಲ್ಟೇಜ್ ಗಾಡಿಯ ಎಲೆಕ್ಟ್ರಾನಿಕ್ಸ್‌ಗೆ ತಾಗದಂತೆ 86 ಮತ್ತು 85ರ ನಡುವೆ 1ಎನ್4007 ಡಯೋಡ್ ಒಂದನ್ನು ಹಾಕಿ. ಅದರ ಬಿಳಿ ಪಟ್ಟಿ 86ರ ಕಡೆಗಿರಲಿ.

ಒಂದು ಎಚ್ಚರಿಕೆ. ಈ ಪಾಠ ಹಳೇ ಮಾದರಿಯ, ಸ್ವಿಚ್ಚಿನಿಂದ ನೇರ ಬಲ್ಬಿಗೆ ಕರೆಂಟ್ ಹೋಗುವ ಗಾಡಿಗಳಿಗೆ. ಹೊಸ ಎಸ್‌ಯುವಿಗಳಲ್ಲಿ ದೀಪಗಳನ್ನು ಕಂಪ್ಯೂಟರ್ ನಡೆಸುತ್ತದೆ. ಕೆಲವದರಲ್ಲಿ ಟೇಲ್ ಲೈಟ್‌ಗೆ ಕರೆಂಟು ಬಿಟ್ಟು ಬಿಟ್ಟು ಹೋಗುವುದರಿಂದ ಸಾದಾ ರಿಲೇ ಕಟಕಟ ಅನ್ನುತ್ತದೆ. ಅಂಥ ಗಾಡಿಗೆ ಆ ಮಾದರಿಗೆಂದೇ ಮಾಡಿದ ಟ್ರೇಲರ್ ಮಾಡ್ಯೂಲ್ ಹಾಕಿಸಬೇಕು. ವಾರಂಟಿ ಇರುವ ಗಾಡಿಯ ವೈರ್ ಸುಲಿಯೋ ಕೆಲಸಕ್ಕೆ ಕೈ ಹಾಕಬೇಡಿ.

ಕೆಲಸದ ಕ್ರಮ

1. ಗಾಡಿಯ ಹಿಂದಿನ ದೀಪದ ವೈರುಗಳನ್ನು ಗುರುತಿಸಿ. ಒಬ್ಬರು ಒಳಗೆ ಕೂತು ಬ್ರೇಕ್, ಇಂಡಿಕೇಟರ್, ಟೇಲ್ ಒಂದೊಂದಾಗಿ ಹಾಕಲಿ, ಇನ್ನೊಬ್ಬರು ಮೀಟರ್ ಹಿಡಿದು ಯಾವ ವೈರಲ್ಲಿ 12 ವೋಲ್ಟ್ ಬರುತ್ತೆ ನೋಡಿ ಚೀಟಿ ಅಂಟಿಸಲಿ.

2. ಗುರುತು ಮುಗಿದ ಮೇಲೆ ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಬಿಚ್ಚಿ. ಸ್ಪ್ಯಾನರ್ ಎಲ್ಲಾದರೂ ತಾಗಿದರೆ ಕಿಡಿ ಹಾರಬಾರದು.

3. ಬ್ಯಾಟರಿ ಪಾಸಿಟಿವ್‌ನಿಂದ 2.5 ಚದರ ಮಿ.ಮೀ. ತಾಮ್ರದ ವೈರ್ ಹಿಂದಕ್ಕೆ ಎಳೆಯಿರಿ. ಬ್ಯಾಟರಿಯಿಂದ ಒಂದು ಗೇಣಿನೊಳಗೆ 15 ಆಂಪಿಯರ್ ಫ್ಯೂಸ್ ಹಾಕಿ. ಫ್ಯೂಸ್ ಕಾಯೋದು ಬಲ್ಬನ್ನಲ್ಲ, ವೈರನ್ನು. ಅದನ್ನು ಹಿಂದುಗಡೆ ಹಾಕಿದರೆ ಬ್ಯಾಟರಿಗೂ ಫ್ಯೂಸಿಗೂ ನಡುವಿನ ವೈರಿಗೆ ಯಾವ ಕಾವಲೂ ಇರಲ್ಲ.

4. ವೈರು ಸೈಲೆನ್ಸರ್‌ನಿಂದ ದೂರ ಇರಲಿ. ತಗಡಿನ ತೂತು ದಾಟುವ ಕಡೆ ರಬ್ಬರ್ ಗ್ರಾಮೆಟ್ ಹಾಕಿ. ಉದ್ದಕ್ಕೂ ಕೊಳವೆಯೊಳಗೆ ತೂರಿಸಿ. ಮಲೆನಾಡಿನ ಕೊಟ್ಟಿಗೆಯಲ್ಲಿ ನಿಲ್ಲುವ ಗಾಡಿಗೆ ಇಲಿಯ ಕಾಟ ತಪ್ಪಿದ್ದಲ್ಲ.

5. ರಿಲೇಗಳನ್ನು ಗಾಡಿಯ ಒಳಗೆ, ಹಿಂದಿನ ದೀಪದ ಹತ್ತಿರ, ನೀರು ತಾಗದ ಡಬ್ಬಿಯಲ್ಲಿಡಿ. ಅಲ್ಲಿಂದ ಸಾಕೆಟ್‌ಗೆ ಒಂದೊಂದು ದೀಪಕ್ಕೆ 1 ಚದರ ಮಿ.ಮೀ. ವೈರ್ ಸಾಕು. ಅರ್ತ್‌ಗೆ ಮಾತ್ರ 2.5.

6. ಸುತ್ತಿ ಟೇಪ್ ಹಾಕಿದ ಜೋಡಣೆ ನಮ್ಮ ಮಳೆಗಾಲ ತಡೆಯಲ್ಲ. ಕ್ರಿಂಪ್ ಮಾಡಿ ಅಥವಾ ಬೆಸುಗೆ ಹಾಕಿ, ಮೇಲೆ ಹೀಟ್ ಶ್ರಿಂಕ್ ಕೊಳವೆ ಹಾಕಿ. ಸಾಕೆಟ್‌ಗೆ ಹೋಗುವ ವೈರು ಸಾಕೆಟ್‌ಗಿಂತ ಸ್ವಲ್ಪ ಕೆಳಗಿಳಿದು ಮತ್ತೆ ಮೇಲೆ ಹೋಗಲಿ. ವೈರಿನ ಮೇಲೆ ಹರಿದ ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ.

7. ಟ್ರೇಲರ್ ಕಟ್ಟಿ, ಸ್ಟೇರಿಂಗನ್ನು ಪೂರ್ತಿ ತಿರುಗಿಸಿ ಎರಡೂ ಕಡೆಗೆ ನಿಧಾನ ಓಡಿಸಿ ನೋಡಿ. ಕೇಬಲ್ ಬಿಗಿಯಾಗಲೂ ಬಾರದು, ನೆಲಕ್ಕೆ ಉಜ್ಜಲೂ ಬಾರದು. ಘಾಟಿಯ ತಿರುವಿನಲ್ಲಿ ಪ್ಲಗ್ ಕಿತ್ತು ಬಂದರೆ ಇಷ್ಟು ಹೊತ್ತು ಮಾಡಿದ್ದೆಲ್ಲ ದಂಡ.

ಒಂದು ಓಮ್ ಏನು ಮಾಡುತ್ತದೆ?

ಈಗ ಮುಖ್ಯ ವಿಷಯ. ಅರ್ತ್ ವೈರನ್ನು ಟ್ರೇಲರ್‌ನ ಯಾವುದೋ ಬೋಲ್ಟಿಗೆ ಕಟ್ಟಿ, ಮೀಟರನ್ನು ಬೀಪ್‌ಗೆ ಹಾಕಿ ನೋಡ್ತೀವಿ. ಬೀಪ್ ಬಂತು. ಆಯ್ತು ಅಂತ ಎದ್ದುಬಿಡ್ತೀವಿ. ಆದರೆ ಎಷ್ಟೋ ಮೀಟರ್‌ಗಳು 30 ಓಮ್ ಇದ್ದರೂ ಬೀಪ್ ಅನ್ನುತ್ತವೆ. ನಮ್ಮ ದೀಪ ಕೆಡೋದಕ್ಕೆ ಒಂದೇ ಓಮ್ ಸಾಕು.

ಲೆಕ್ಕ ನೋಡಿ. ಎರಡು ಬ್ರೇಕ್ ಬಲ್ಬು ಸೇರಿ 12 ವೋಲ್ಟಿಗೆ 3.5 ಆಂಪಿಯರ್ ಅಂದರೆ ಅವುಗಳ ಒಟ್ಟು ರೋಧ 3.43 ಓಮ್. ಅರ್ತ್ ಬೋಲ್ಟಿನ ತುಕ್ಕು 1 ಓಮ್ ಅಂತ ಇಟ್ಟುಕೊಳ್ಳಿ. ಒಟ್ಟು 4.43. ಹರಿಯುವ ಕರೆಂಟು 12 ÷ 4.43 = 2.71 ಆಂಪಿಯರ್. ಬಲ್ಬಿಗೆ ಸಿಗೋದು 2.71 × 3.43 = 9.3 ವೋಲ್ಟ್. ಮುಕ್ಕಾಲು ಪಾಲು ವೋಲ್ಟೇಜ್ ಇದೆಯಲ್ಲ, ಪರವಾಗಿಲ್ಲ ಅನಿಸಬಹುದು. ಆದರೆ ಫಿಲಮೆಂಟ್ ಬಲ್ಬಿನ ಬೆಳಕು ವೋಲ್ಟೇಜಿನ ಸುಮಾರು 3.4ನೇ ಘಾತಕ್ಕೆ ತಕ್ಕಂತೆ ಏರಿಳಿಯುತ್ತದೆ. (9.3 ÷ 12)ರ 3.4ನೇ ಘಾತ ಸುಮಾರು 0.42. ಅಂದರೆ ಅರ್ಧಕ್ಕಿಂತ ಹೆಚ್ಚು ಬೆಳಕು ಹೋಯಿತು! ವೋಲ್ಟೇಜ್ ಇಳಿದಾಗ ಫಿಲಮೆಂಟ್ ತಣಿದು ಅದರ ರೋಧವೂ ಇಳಿಯುವುದರಿಂದ, ನಿಜದಲ್ಲಿ ಬೆಳಕು ಇನ್ನೂ ಕಡಿಮೆ. ಹಗಲಲ್ಲಿ ಅಂಗಳದಲ್ಲಿ ನಿಂತು ನೋಡಿದರೆ "ಹತ್ತುತ್ತಲ್ಲಾ ಮಾರಾಯ" ಅನ್ನಬಹುದು. ಮಂಜಿನಲ್ಲಿ ಹಿಂದಿನವನಿಗೆ ಅದು ಕಾಣೋದು ತೀರಾ ಹತ್ತಿರ ಬಂದ ಮೇಲೆ.

ಬಲ್ಬ್ ತೆಗೆದು ಹೋಲ್ಡರ್‌ನಲ್ಲಿ ವೋಲ್ಟೇಜ್ ನೋಡಿದರೂ ತುಕ್ಕು ಸಿಕ್ಕಿಬೀಳಲ್ಲ. ಮೀಟರ್ ಎಳೆಯುವ ಕರೆಂಟು ಇಲ್ಲವೆನ್ನುವಷ್ಟು ಕಮ್ಮಿ. ಕರೆಂಟೇ ಹರಿಯದಿದ್ದರೆ 1 ಓಮ್‌ನಲ್ಲಿ ವೋಲ್ಟೇಜ್ ಬೀಳೋದು ಹೇಗೆ? ಮೀಟರ್ ಪೂರ್ತಿ 12 ತೋರಿಸುತ್ತದೆ.

ಆದ್ದರಿಂದ ಪರೀಕ್ಷೆ ಹೀಗಿರಲಿ. ಎಲ್ಲಾ ದೀಪ ಹಾಕಿ, ಬ್ರೇಕ್ ಒತ್ತಿ ಹಿಡಿಯಿರಿ. ಮೀಟರನ್ನು ಡಿಸಿ ವೋಲ್ಟಿಗೆ ಇಟ್ಟು, ಒಂದು ಕಡ್ಡಿಯನ್ನು ಟ್ರೇಲರ್ ದೀಪದ ಅರ್ತ್ ತುದಿಗೆ, ಇನ್ನೊಂದನ್ನು ಉದ್ದ ವೈರ್ ಸೇರಿಸಿ ಬ್ಯಾಟರಿ ನೆಗೆಟಿವ್‌ಗೆ ಮುಟ್ಟಿಸಿ. 2.5 ಚದರ ಮಿ.ಮೀ. ತಾಮ್ರ 5 ಮೀಟರ್‌ಗೆ ಸುಮಾರು 0.034 ಓಮ್. 8.25 ಆಂಪಿಯರ್‌ಗೆ 0.28 ವೋಲ್ಟ್. ಅರ್ಧ ವೋಲ್ಟಿನೊಳಗೆ ಬಂದರೆ ಅರ್ತ್ ಚೆನ್ನಾಗಿದೆ. ಒಂದು, ಎರಡು ವೋಲ್ಟ್ ಬಂದರೆ ಎಲ್ಲೋ ತುಕ್ಕು ಕೂತಿದೆ. ಕಡ್ಡಿಯನ್ನು ಒಂದೊಂದೇ ಜೋಡಣೆ ದಾಟಿಸುತ್ತಾ ಬಂದರೆ, ಎಲ್ಲಿ ವೋಲ್ಟ್ ದಿಢೀರ್ ಇಳಿಯುತ್ತೋ ಅಲ್ಲಿದೆ ಕಳ್ಳ.

ಅರ್ತ್ ಗಟ್ಟಿಯಾಗಬೇಕಾದರೆ ಪ್ರತಿ ದೀಪದಿಂದಲೂ ಬೇರೆ ಅರ್ತ್ ವೈರ್ ಎಳೆದು ಬಿಳಿ ವೈರಿಗೆ ಸೇರಿಸಿ, ಟ್ರೇಲರ್‌ನ ಕಬ್ಬಿಣವನ್ನು ನಂಬಬೇಡಿ. ಕೊಂಡಿಯ ಮೂಲಕ ಅರ್ತ್ ಸಿಗುತ್ತೆ ಅಂತಲೂ ಬಿಡಬೇಡಿ. ಅಲ್ಲಿ ಗ್ರೀಸ್, ಕೆಸರು, ಕುಲುಕಾಟ ಮೂರೂ ಇದೆ. ಗಾಡಿಯ ಚಾಸಿಗೆ ಸೇರಿಸುವಲ್ಲಿ ಬಣ್ಣ ಕೆರೆದು ಹೊಳೆಯುವ ಲೋಹ ಕಾಣಬೇಕು. ರಿಂಗ್ ಲಗ್, ಹಲ್ಲಿನ ವಾಷರ್ ಹಾಕಿ ಬಿಗಿದು, ಮೇಲೆ ವ್ಯಾಸಲೀನ್ ಬಳಿಯಿರಿ.

ರಿಲೇ ಇಲ್ಲದೆ ನೇರ ಜೋಡಿಸಿದ ಟ್ರೇಲರ್‌ನಲ್ಲಿ ಬ್ರೇಕ್ ಒತ್ತಿದಾಗ ಟೇಲ್ ಲೈಟ್, ಇಂಡಿಕೇಟರ್ ಎಲ್ಲವೂ ಮಂಕಾಗಿ ಮಿನುಗುವುದನ್ನು ನೀವು ನೋಡಿರಬಹುದು. ಅದೂ ಅರ್ತ್ ಕಡಿದದ್ದರ ಲಕ್ಷಣವೇ. ವಾಪಸ್ ಹೋಗಲು ದಾರಿ ಇಲ್ಲದ ಬ್ರೇಕ್ ಕರೆಂಟು ಬೇರೆ ಫಿಲಮೆಂಟುಗಳ ಮೂಲಕ ಹಿಂದಕ್ಕೆ ಹರಿದು, ಗಾಡಿಯ ಬಲ್ಬುಗಳ ಅರ್ತ್ ಹುಡುಕಿಕೊಳ್ಳುತ್ತದೆ.

ರಸ್ತೆಗಿಳಿಯುವ ಮುನ್ನ

ಮೋಟಾರು ವಾಹನ ಕಾಯ್ದೆ 1988ರ ಪ್ರಕಾರ ಟ್ರೇಲರ್‌ಗೂ ನೋಂದಣಿ ಬೇಕು. 61ನೇ ಸೆಕ್ಷನ್ ಪ್ರಕಾರ ಎಳೆಯುವ ಗಾಡಿಯ ನಂಬರು ಟ್ರೇಲರ್ ಮೇಲೂ ಕಾಣಬೇಕು. ನಿಮ್ಮ ಗಾಡಿ ಎಷ್ಟು ಭಾರ ಎಳೆಯಬಹುದು, ಕೊಂಡಿ ಹಾಕಬಹುದೇ ಅನ್ನೋದನ್ನು ಆರ್‌ಟಿಒದಲ್ಲಿ ಮೊದಲೇ ಕೇಳಿಕೊಳ್ಳಿ. ದೀಪದ ಜೊತೆಗೆ ಕೆಂಪು ರಿಫ್ಲೆಕ್ಟರನ್ನೂ ಹಾಕಿ. ಕರೆಂಟ್ ಹೋದರೂ ಅದು ಕೆಲಸ ಮಾಡುತ್ತೆ. ಮಳೆಗಾಲದ ಮುಂಚೆ ಒಮ್ಮೆ, ಕೊಯ್ಲಿನ ಮುಂಚೆ ಒಮ್ಮೆ ಆ ಅರ್ಧ ವೋಲ್ಟಿನ ಪರೀಕ್ಷೆ ಮಾಡಿದರೆ ಸಾಕು.

ಅಭ್ಯಾಸಕ್ಕೆ: 21 ವಾಟ್‌ನ ಎರಡು ಬಲ್ಬಿನ ಬದಲು 3 ವಾಟ್‌ನ ಎರಡು ಎಲ್ಇಡಿ ದೀಪ ಹಾಕಿದರೆ ಅದೇ 1 ಓಮ್ ತುಕ್ಕಿನಲ್ಲಿ ಎಷ್ಟು ವೋಲ್ಟ್ ಬೀಳುತ್ತದೆ? ಲೆಕ್ಕ ಹಾಕಿದರೆ ಅರ್ಧ ವೋಲ್ಟಿನ ಆಸುಪಾಸು ಬರುತ್ತದೆ. ಹಾಗಾದರೆ ಎಲ್ಇಡಿ ಹಾಕಿದವರು ಅರ್ತ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಿಲ್ಲವೇ? ತುಕ್ಕು ಒಂದು ಓಮ್‌ಗೇ ನಿಲ್ಲುತ್ತದೆಯೇ ಅಂತ ಯೋಚಿಸಿ, ಉತ್ತರ ನೀವೇ ಹೇಳಿ.