ಗಡ್ಡದ ಓತಿಗೆ ಯಾವ ಹುಳು? ಬಳ್ಳಾರಿ ಸೀಮೆಯಲ್ಲಿ ಬಿಯರ್ಡೆಡ್ ಡ್ರ್ಯಾಗನ್ ಸಾಕುವವರಿಗೆ ಹಂತ ಹಂತದ ಮಾಹಿತಿ

ಬಿಯರ್ಡೆಡ್ ಡ್ರ್ಯಾಗನ್ ಆಸ್ಟ್ರೇಲಿಯಾದ ಒಳನಾಡಿನ ಬಿಸಿಲು ಬಯಲಿನ ಓತಿ. ಬಳ್ಳಾರಿಯ ಒಣ ಹವೆ ಅದಕ್ಕೆ ಒಗ್ಗುತ್ತದೆ. ಸಾಕಿದ ಮನೆಗಳಲ್ಲಿ ಅದರ ಆರೋಗ್ಯ ಕೆಡುವುದು ಹೆಚ್ಚಾಗಿ ತಟ್ಟೆಯಿಂದಲೇ. ಅಂಗಡಿಯಲ್ಲಿ ಸುಲಭಕ್ಕೆ ಸಿಕ್ಕ ಒಂದೇ ಬಗೆಯ ಹುಳುವನ್ನು ತಿಂಗಳುಗಟ್ಟಲೆ ಹಾಕುತ್ತೇವೆ, ಅದು ಚೆನ್ನಾಗಿ ತಿನ್ನುತ್ತಿದೆ ಎಂದು ಖುಷಿಪಡುತ್ತೇವೆ. ಒಳಗೆ ಅದರ ಮೂಳೆ ಸವೆಯುತ್ತಿರುತ್ತದೆ.

‘ಎಲ್ಲಕ್ಕಿಂತ ಒಳ್ಳೆಯ ಹುಳು ಯಾವುದು?’ ಎಂಬುದು ಸಾಕುವವರ ಮೊದಲ ಪ್ರಶ್ನೆ. ಅಂಥ ಒಂದೇ ಒಂದು ಹುಳು ಇಲ್ಲ. ಎರಡು ಮೂರು ಬಗೆಯ ಹುಳುಗಳನ್ನು ಬದಲಿಸುತ್ತಾ ಕೊಡಬೇಕು, ಕೊಡುವ ಮುನ್ನ ಆ ಹುಳುಗಳಿಗೇ ಚೆನ್ನಾಗಿ ಉಣಿಸಬೇಕು. ಇದಕ್ಕೆ ಬೇಕಾದದ್ದರಲ್ಲಿ ಬಹುಪಾಲು ಬಳ್ಳಾರಿ, ಸಿರುಗುಪ್ಪ, ಕುರುಗೋಡಿನ ಕಿರಾಣಿ ಅಂಗಡಿಗಳಲ್ಲೇ ಸಿಗುತ್ತದೆ.

ಮೊದಲು ಮೂಳೆಯ ಲೆಕ್ಕ

ಓತಿಯ ಆಹಾರದಲ್ಲಿ ಒಂದು ಪಾಲು ರಂಜಕಕ್ಕೆ ಒಂದೂವರೆಯಿಂದ ಎರಡು ಪಾಲು ಕ್ಯಾಲ್ಸಿಯಂ ಇರಬೇಕು. ಹುಳುಗಳಲ್ಲಿ ಈ ಲೆಕ್ಕ ತಿರುವುಮುರುವು. ಕ್ರಿಕೆಟ್ ಹುಳುವಿನಲ್ಲಿ, ಅಂದರೆ ಅಕ್ವೇರಿಯಂ ಅಂಗಡಿಗಳಲ್ಲಿ ಸಿಗುವ ಜೀರುಂಡೆಯಲ್ಲಿ, ಕ್ಯಾಲ್ಸಿಯಂಗಿಂತ ರಂಜಕ ಸುಮಾರು ಏಳು ಪಟ್ಟು ಹೆಚ್ಚು. ಮೀಲ್‌ವರ್ಮ್‌ನಲ್ಲಿ ಹದಿನಾರು ಹದಿನೇಳು ಪಟ್ಟು. ರಕ್ತದಲ್ಲಿ ಕ್ಯಾಲ್ಸಿಯಂ ಸಾಲದೆ ಹೋದಾಗ ದೇಹ ಅದನ್ನು ಮೂಳೆಯಿಂದ ಕಿತ್ತುಕೊಳ್ಳುತ್ತದೆ. ದವಡೆ ಮೆತ್ತಗಾಗುತ್ತದೆ, ಕಾಲು ಸೊಟ್ಟಗಾಗುತ್ತದೆ, ಬೆರಳುಗಳು ಅದುರುತ್ತವೆ. ಸಾಕಿದ ಓತಿಗಳಲ್ಲಿ ಪದೇ ಪದೇ ಕಾಣುವ ಮೂಳೆರೋಗ ಇದು. ಕೆಳಗಿನ ಹಂತಗಳೆಲ್ಲ ಈ ಲೆಕ್ಕವನ್ನು ಸರಿಪಡಿಸಲಿಕ್ಕೇ ಇವೆ.

ಹಂತ 1: ವಯಸ್ಸು ನೋಡಿ ಪ್ರಮಾಣ ಗೊತ್ತುಮಾಡಿ

ನಾಲ್ಕೈದು ತಿಂಗಳವರೆಗಿನ ಮರಿಗೆ ಊಟದ ಮುಕ್ಕಾಲು ಪಾಲು ಹುಳುವೇ ಇರಲಿ. ದಿನಕ್ಕೆ ಎರಡು ಮೂರು ಸಲ, ಪ್ರತಿ ಸಲ ಹತ್ತು ಹದಿನೈದು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಕೊಡಿ. ಒಂದು ವರ್ಷದವರೆಗೆ ದಿನಕ್ಕೆ ಒಮ್ಮೆ ಸಾಕು; ಸೊಪ್ಪಿನ ಪಾಲನ್ನು ನಿಧಾನವಾಗಿ ಹೆಚ್ಚಿಸುತ್ತಾ ಹೋಗಿ. ಬೆಳೆದ ಓತಿಗೆ ಲೆಕ್ಕ ತಲೆಕೆಳಗು: ಮುಕ್ಕಾಲು ಪಾಲು ಸೊಪ್ಪು ತರಕಾರಿ, ಹುಳು ವಾರಕ್ಕೆ ಎರಡು ಮೂರು ಸಲ ಮಾತ್ರ, ಸಲಕ್ಕೆ ಐದರಿಂದ ಹತ್ತು.

ಹುಳುವಿನ ಗಾತ್ರ ಓತಿಯ ಎರಡು ಕಣ್ಣುಗಳ ನಡುವಿನ ಅಂತರಕ್ಕಿಂತ ದೊಡ್ಡದಿರಬಾರದು. ದೊಡ್ಡ ಹುಳು ಗಂಟಲಲ್ಲಿ ಸಿಕ್ಕಿಕೊಳ್ಳಬಹುದು, ಕರುಳು ಕಟ್ಟಬಹುದು. ಮರಿಗಳ ವಿಷಯದಲ್ಲಿ ಈ ನಿಯಮವನ್ನು ಒಂದು ಹೊತ್ತೂ ಸಡಿಲಿಸಬೇಡಿ.

ಹಂತ 2: ದಿನದ ಹುಳು, ಅಪರೂಪದ ಹುಳು ಬೇರ್ಪಡಿಸಿ

• ಕ್ರಿಕೆಟ್: ಸುಮಾರು 20% ಪ್ರೋಟೀನ್, 7% ಕೊಬ್ಬು. ಓಡಾಡುವುದರಿಂದ ಓತಿಗೆ ಬೇಟೆಯ ಉತ್ಸಾಹ ಬರುತ್ತದೆ. ದಿನದ ಊಟಕ್ಕೆ ಯೋಗ್ಯ.

• ಡುಬಿಯಾ ಜಿರಳೆ: ದಿನದ ಊಟಕ್ಕೆ ಇದೂ ಒಳ್ಳೆಯದು. ಸದ್ದು ಮಾಡುವುದಿಲ್ಲ, ನುಣುಪಾದ ಪ್ಲಾಸ್ಟಿಕ್ ಗೋಡೆ ಹತ್ತಲಾರದು. ಹೊರದೇಶದ ಜಾತಿಯಾದ್ದರಿಂದ ಹೊರಗೆ ಬಿಡಬೇಡಿ. ಮನೆಯ ಬಚ್ಚಲು, ಮೋರಿಯ ಜಿರಳೆಯನ್ನು ಇದರ ಬದಲಿಗೆ ಕೊಡುವಂತಿಲ್ಲ. ಅದರ ಮೈಯಲ್ಲಿ ರೋಗಾಣುಗಳಿರುತ್ತವೆ, ಜಿರಳೆ ಔಷಧವೂ ಇರಬಹುದು.

• ಬ್ಲ್ಯಾಕ್ ಸೋಲ್ಜರ್ ನೊಣದ ಮರಿಹುಳು: ಕ್ಯಾಲ್ಸಿಯಂ ಲೆಕ್ಕದಲ್ಲಿ ಇದೊಂದೇ ಬೇರೆ ಸಾಲಿಗೆ ಸೇರುತ್ತದೆ. 100 ಗ್ರಾಂ ಹುಳುವಿನಲ್ಲಿ ಸುಮಾರು 900 ಮಿ.ಗ್ರಾಂ ಕ್ಯಾಲ್ಸಿಯಂ ಇರುತ್ತದೆ; ಕ್ರಿಕೆಟ್‌ನಲ್ಲಿ 40 ಮಿ.ಗ್ರಾಂ ಮಾತ್ರ. ಕೊಬ್ಬು 14% ಇರುವುದರಿಂದ ಬೇರೆ ಹುಳುಗಳ ಜೊತೆ ಸೇರಿಸಿ ಕೊಡಿ. ಕೊಳೆತ ಮಾಂಸ, ಸಗಣಿಯ ಮೇಲೆ ಬೆಳೆದದ್ದು ಬೇಡ. ತರಕಾರಿ, ಹಿಟ್ಟಿನಲ್ಲಿ ಬೆಳೆಸಿದ್ದನ್ನೇ ಕೇಳಿ ತನ್ನಿ.

• ರೇಷ್ಮೆ ಹುಳು: ಮೈಯಲ್ಲಿ ನೀರಿನಂಶ 80%ಕ್ಕಿಂತ ಹೆಚ್ಚು, ಕೊಬ್ಬು ಬಹಳ ಕಡಿಮೆ. ಮೆತ್ತಗಿರುವುದರಿಂದ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿರುವ ಓತಿಗೂ ಹಿಡಿಸುತ್ತದೆ. ರೇಷ್ಮೆ ಬೆಳೆಯುವ ನಮ್ಮ ರಾಜ್ಯದವರಿಗೆ ಇದು ದೊಡ್ಡ ಅನುಕೂಲ. ಆದರೆ ಹುಳು ಸಾಕುವ ಮನೆಗಳಲ್ಲಿ ರೋಗ ಬಾರದಂತೆ ಸುಣ್ಣ ಬೆರೆತ ಸೋಂಕುನಿವಾರಕ ಪುಡಿ ಉದುರಿಸುತ್ತಾರೆ. ರೈತರಿಂದ ಎಳೆಯ ಹುಳು ತಂದು, ಔಷಧ ಸಿಂಪಡಿಸದ ಹಿಪ್ಪುನೇರಳೆ ಸೊಪ್ಪಿನಲ್ಲಿ ನಾಲ್ಕೈದು ದಿನ ಮನೆಯಲ್ಲೇ ಬೆಳೆಸಿ, ಒಮ್ಮೆಯಾದರೂ ಪೊರೆ ಕಳಚಿದ ಮೇಲೆ ಕೊಡಿ. ನೂಲು ತೆಗೆದ ಗೂಡಿನೊಳಗಿನ ಬೆಂದ ಪ್ಯೂಪಾ ಬೇಡ.

• ಮೀಲ್‌ವರ್ಮ್, ಸೂಪರ್‌ವರ್ಮ್: ಅರೋವಾನಾ ಮೀನಿಗೂ ಹಕ್ಕಿಗಳಿಗೂ ಮಾರುವುದರಿಂದ ಸುಲಭವಾಗಿ ಸಿಗುತ್ತವೆ. ಕೊಬ್ಬು 13%ರಿಂದ 18%. ಬೆಳೆದ ಓತಿಗೆ ವಾರಕ್ಕೊಮ್ಮೆ ನಾಲ್ಕೈದು ಸಾಕು. ಗಟ್ಟಿ ಸಿಪ್ಪೆಯ ಈ ಹುಳುಗಳು ಮರಿಗಳಿಗೆ ಬೇಡ.

• ವ್ಯಾಕ್ಸ್‌ವರ್ಮ್: ಕೊಬ್ಬು ಸುಮಾರು 25%. ಸೊರಗಿದ ಪ್ರಾಣಿಗೆ ವೈದ್ಯರು ಹೇಳಿದರೆ ಕೊಡಿ. ರೂಢಿ ಮಾಡಿದರೆ ಬೇರೇನೂ ಮುಟ್ಟದಂತಾಗುತ್ತದೆ.

ಹಂತ 3: ಹೊಲದ ಹುಳುವಿಗೆ ಕೈಹಾಕಬೇಡಿ

ಸಿರುಗುಪ್ಪದ ಗದ್ದೆ ಬದುವಿನಲ್ಲಿ ಮಿಡತೆಗೆ ಬರವಿಲ್ಲ. ಪುಕ್ಕಟೆ ಸಿಗುವ ಈ ಹುಳು ದುಬಾರಿಯಾಗಿ ಪರಿಣಮಿಸುತ್ತದೆ. ತುಂಗಭದ್ರಾ ಕಾಲುವೆಯ ನೀರಿನಲ್ಲಿ ಬೆಳೆಯುವ ಭತ್ತಕ್ಕೆ ಕಂದು ಜಿಗಿಹುಳು, ಕಾಂಡಕೊರಕದ ಕಾಟ. ಹಾಗಾಗಿ ಸಿಂಪಡಣೆ ತಪ್ಪಿದ್ದಲ್ಲ. ಕುರುಗೋಡು ಭಾಗದ ಮೆಣಸಿನಕಾಯಿ, ಹತ್ತಿ ಹೊಲಗಳಲ್ಲಿ ಇನ್ನೂ ಹೆಚ್ಚು. 2021ರ ಹಂಗಾಮಿನಲ್ಲಿ ಮೆಣಸಿನಕಾಯಿ ಹೂವಿಗೆ ಕಪ್ಪು ಥ್ರಿಪ್ಸ್ ಬಿದ್ದ ಮೇಲಂತೂ ರೈತರು ಔಷಧದ ಮೇಲೆ ಔಷಧ ಹೊಡೆಯಬೇಕಾಯಿತು. ವಿಷ ತಾಗಿಯೂ ಸಾಯದೆ ಕುಪ್ಪಳಿಸುವ ಮಿಡತೆ ಆ ವಿಷವನ್ನು ನೇರವಾಗಿ ಓತಿಯ ಹೊಟ್ಟೆಗೆ ಒಯ್ಯುತ್ತದೆ.

ಇನ್ನೆರಡು ಹುಳುಗಳನ್ನು ಗುರುತಿಟ್ಟುಕೊಳ್ಳಿ. ಮಿಂಚುಹುಳು ಓತಿಗೆ ಪ್ರಾಣಾಂತಿಕ. ಅದನ್ನು ತಿಂದು ಸತ್ತ ಬಿಯರ್ಡೆಡ್ ಡ್ರ್ಯಾಗನ್‌ಗಳ ಪ್ರಕರಣಗಳನ್ನು ಅಮೆರಿಕದ ಸಂಶೋಧಕರು 1999ರಲ್ಲಿ ದಾಖಲಿಸಿದ್ದಾರೆ. ಒಂದೇ ಒಂದು ಹುಳು ಸಾಕು. ತೊಗರಿ, ಅಲಸಂದೆ ಹೂವಿನ ಮೇಲೆ ಕೂರುವ ಕಪ್ಪು ಕಿತ್ತಳೆ ಪಟ್ಟೆಯ ದುಂಬಿಯೂ ಅಷ್ಟೇ ಅಪಾಯ. ಮನುಷ್ಯರ ಚರ್ಮಕ್ಕೆ ತಾಗಿದರೆ ಬೊಬ್ಬೆ ಏಳಿಸುವ ವಿಷ ಅದರ ಮೈಯಲ್ಲಿದೆ.

ಮಳೆ ಬಿದ್ದ ಸಂಜೆ ದೀಪಕ್ಕೆ ಮುತ್ತುವ ಈಸಲು ಹುಳು, ಅಂದರೆ ರೆಕ್ಕೆ ಬಂದ ಗೆದ್ದಲು, ಆಸ್ಟ್ರೇಲಿಯಾದ ಬಯಲಿನಲ್ಲಿ ಈ ಓತಿಗಳ ಸಹಜ ಆಹಾರ. ಆದರೆ ಊರೊಳಗೆ ಗೆದ್ದಲಿಗೆ ಔಷಧ ಹೊಡೆಸಿದ ಕಟ್ಟಡಗಳು ಬಹಳ. ಬೀದಿದೀಪದ ಕೆಳಗೆ ಬೇರೆ ಹತ್ತು ಹುಳುಗಳೂ ಸೇರಿರುತ್ತವೆ. ಅಲ್ಲಿಂದ ಗುಡಿಸಿ ತರಬೇಡಿ.

ಹಂತ 4: ಹುಳುವಿಗೆ ಮೊದಲು ಉಣಿಸಿ

ಅಂಗಡಿಯಿಂದ ತಂದ ಹುಳು ಹಸಿದಿರುತ್ತದೆ. ಹೊಟ್ಟೆ ಖಾಲಿ ಇರುವ ಹುಳು ಓತಿಗೆ ಬರಿಯ ಸಿಪ್ಪೆ. ಕೊಡುವ 24ರಿಂದ 48 ಗಂಟೆ ಮೊದಲು ಅದಕ್ಕೆ ಕ್ಯಾಲ್ಸಿಯಂ ತುಂಬಿದ ಮೇವು ಹಾಕಿ.

ನಮ್ಮ ಸೀಮೆಯಲ್ಲಿ ಸುಲಭವಾಗಿ ಆಗುವ ಮೇವು ಇದು: ರಾಗಿಹಿಟ್ಟು 60 ಗ್ರಾಂ, ನೆರಳಲ್ಲಿ ಒಣಗಿಸಿದ ನುಗ್ಗೆಸೊಪ್ಪಿನ ಪುಡಿ 20 ಗ್ರಾಂ, ಶುದ್ಧ ಕ್ಯಾಲ್ಸಿಯಂ ಕಾರ್ಬೊನೇಟ್ ಪುಡಿ 20 ಗ್ರಾಂ. ಕ್ಯಾಲ್ಸಿಯಂ ಕಾರ್ಬೊನೇಟ್‌ನಲ್ಲಿ 40% ಕ್ಯಾಲ್ಸಿಯಂ ಇರುವುದರಿಂದ ಈ ಮೇವಿನಲ್ಲಿ 8%ಕ್ಕಿಂತ ಕಡಿಮೆಯಾಗುವುದಿಲ್ಲ. ಹುಳುವಿನ ಹೊಟ್ಟೆಯಲ್ಲಿ ಲೆಕ್ಕ ಸರಿಹೋಗಲು ಅಷ್ಟು ಬೇಕು. ನಮ್ಮ ಧಾನ್ಯಗಳಲ್ಲಿ ಕ್ಯಾಲ್ಸಿಯಂ ಅತಿ ಹೆಚ್ಚಿರುವುದು ರಾಗಿಯಲ್ಲೇ, 100 ಗ್ರಾಂಗೆ ಸುಮಾರು 350 ಮಿ.ಗ್ರಾಂ. ತೇವಕ್ಕೆ ಗಜ್ಜರಿ, ಕುಂಬಳದ ಹೋಳು ಇಡಿ. ಈ ಮೇವು ಎರಡು ದಿನಕ್ಕಷ್ಟೇ. ಹೆಚ್ಚು ದಿನ ತಿಂದರೆ ಹುಳುಗಳೇ ಸಾಯುತ್ತವೆ.

ಸಿರುಗುಪ್ಪದ ರೈಸ್‌ಮಿಲ್ಲುಗಳಲ್ಲಿ ಅಗ್ಗಕ್ಕೆ ಸಿಗುವ ತೌಡು ಹುಳು ಬೆಳೆಸಲು ಆದೀತು. ಅದರಲ್ಲಿ ರಂಜಕ ಅತಿ ಹೆಚ್ಚು, ಹಾಗಾಗಿ ಓತಿಗೆ ಕೊಡುವ ಮುನ್ನಿನ ಎರಡು ದಿನ ತೌಡು ತೆಗೆದು ಮೇಲಿನ ಮೇವನ್ನೇ ಹಾಕಿ.

ಹಂತ 5: ಪುಡಿ ಸವರಿ ಕೊಡಿ

ಉಣಿಸಿದ ಹುಳುಗಳನ್ನು ಡಬ್ಬಿಯಲ್ಲಿ ಹಾಕಿ, ಒಂದು ಚಿಟಿಕೆ ಕ್ಯಾಲ್ಸಿಯಂ ಕಾರ್ಬೊನೇಟ್ ಉದುರಿಸಿ, ಮೆಲ್ಲಗೆ ಅಲುಗಾಡಿಸಿ ಕೂಡಲೇ ಓತಿಗೆ ಬಿಡಿ. ತಡಮಾಡಿದರೆ ಹುಳು ಮೈ ಉಜ್ಜಿಕೊಂಡು ಪುಡಿ ಕಳೆದುಕೊಳ್ಳುತ್ತದೆ. ಮರಿಗಳಿಗೆ ವಾರದಲ್ಲಿ ಐದು ದಿನ, ದೊಡ್ಡವಕ್ಕೆ ಸೋಲ್ಜರ್ ನೊಣದ ಮರಿಹುಳು ಬಿಟ್ಟು ಬೇರೆ ಹುಳು ಕೊಟ್ಟಾಗಲೆಲ್ಲ ಈ ಪುಡಿ ಇರಲಿ. ಡಿ3 ಬೆರೆತ ಪುಡಿ, ಮಲ್ಟಿವಿಟಮಿನ್ ವಾರಕ್ಕೊಂದು ಸಲ ಸಾಕು; ಡಿ3 ಅತಿಯಾದರೂ ವಿಷವೇ.

ಇಲ್ಲಿ ಮೂರು ತಪ್ಪುಗಳಾಗದಂತೆ ನೋಡಿಕೊಳ್ಳಿ. ಎಲೆ ಅಡಿಕೆಗೆ ಹಚ್ಚುವ ಸುಣ್ಣ ಸುಡುವ ಕ್ಷಾರ. ಓತಿಯ ಬಾಯಿ, ಕರುಳು ಬೆಂದುಹೋಗುತ್ತವೆ. ದನಕ್ಕೆ ಕೊಡುವ ಖನಿಜ ಮಿಶ್ರಣದಲ್ಲಿ ರಂಜಕವೂ ಇರುವುದರಿಂದ ಲೆಕ್ಕ ಮತ್ತೆ ಕೆಡುತ್ತದೆ. ಡೈಕ್ಯಾಲ್ಸಿಯಂ ಫಾಸ್ಫೇಟ್ ಪುಡಿಯೂ ಅದೇ ಕಾರಣಕ್ಕೆ ಬೇಡ. ಸರಿಯಾದ ಪುಡಿ ಸಿಗದಿದ್ದರೆ ಕೋಳಿಮೊಟ್ಟೆಯ ಸಿಪ್ಪೆಯನ್ನು ಕುದಿಸಿ, ಒಣಗಿಸಿ, ನುಣ್ಣಗೆ ಅರೆದು ಬಟ್ಟೆಯಲ್ಲಿ ಜರಡಿ ಹಿಡಿಯಿರಿ. ಅದು ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟೇ.

ಹಂತ 6: ಕ್ರಿಕೆಟ್ ಮನೆಯಲ್ಲೇ ಬೆಳೆಸಿ

ಬೆಂಗಳೂರು, ಹೈದರಾಬಾದಿನಿಂದ ಪಾರ್ಸೆಲ್ ತರಿಸಿದರೆ ಏಪ್ರಿಲ್, ಮೇ ಬಿಸಿಲಿಗೆ ಅರ್ಧ ಹುಳು ದಾರಿಯಲ್ಲೇ ಸಾಯಬಹುದು. ತರಿಸುವುದಾದರೆ ರಾತ್ರಿ ಬಸ್ಸಿನಲ್ಲೇ ತರಿಸಿ. ಮನೆಯಲ್ಲಿ ಬೆಳೆಸುವುದು ಇದಕ್ಕಿಂತ ಲೇಸು.

50 ಲೀಟರಿನ ಪ್ಲಾಸ್ಟಿಕ್ ಡಬ್ಬದ ಮುಚ್ಚಳ ಕೊರೆದು ಲೋಹದ ಜಾಲರಿ ಹಚ್ಚಿ. ಒಳಗೆ ಮೊಟ್ಟೆಯ ರಟ್ಟಿನ ಟ್ರೇಗಳನ್ನು ನಿಲ್ಲಿಸಿ. ಒಂದು ಮೂಲೆಯಲ್ಲಿ ಒದ್ದೆ ತೆಂಗಿನ ನಾರಿನ ಪುಡಿ ತುಂಬಿದ ಬಟ್ಟಲಿಡಿ. ಹೆಣ್ಣು ಹುಳು ಅದರಲ್ಲೇ ಮೊಟ್ಟೆ ಇಡುತ್ತದೆ. 30 ಡಿಗ್ರಿ ಶಾಖದಲ್ಲಿ ಹತ್ತು ಹನ್ನೆರಡು ದಿನಕ್ಕೆ ಮರಿ, ಆರರಿಂದ ಎಂಟು ವಾರಕ್ಕೆ ಬಲಿತ ಹುಳು. ತೆರೆದ ನೀರಿಟ್ಟರೆ ಮುಳುಗಿ ಸಾಯುತ್ತವೆ, ಒದ್ದೆ ಹತ್ತಿ ಇಡಿ. ನಮ್ಮ ಒಣಹವೆಯಿಂದ ಡಬ್ಬದಲ್ಲಿ ಬೂಷ್ಟು ಕಡಿಮೆ, ಅದೊಂದು ಅನುಕೂಲ. ಬೇಸಿಗೆಯಲ್ಲಿ ಡಬ್ಬವನ್ನು ತಗಡಿನ ಮಾಳಿಗೆ ಕೆಳಗಿಡದೆ ತಂಪು ಕೋಣೆಗೆ ಸಾಗಿಸಿ.

ಇರುವೆ ದೊಡ್ಡ ಶತ್ರು. ಡಬ್ಬದ ಸುತ್ತ ನೀರಿನ ತಟ್ಟೆ ಇಡಿ; ವಿಷದ ಸೀಮೆಸುಣ್ಣ ಗೀರಬೇಡಿ. ಆ ಕೋಣೆಯಲ್ಲಿ ಸೊಳ್ಳೆ ಬತ್ತಿ, ಸ್ಪ್ರೇ ಕೂಡ ಬೇಡ.

ಹಂತ 7: ಬಿಸಿ, ಬೆಳಕು, ಸೊಪ್ಪು ಜೊತೆಗಿರಲಿ

ಯುವಿಬಿ ಕಿರಣ ಬೀಳದಿದ್ದರೆ ತಿಂದ ಕ್ಯಾಲ್ಸಿಯಂ ಮೈಗೆ ಹತ್ತುವುದಿಲ್ಲ. ಕಿಟಕಿ ಗಾಜು ಆ ಕಿರಣವನ್ನು ತಡೆಯುತ್ತದೆ. ಯುವಿಬಿ ದೀಪ ಹಾಕಿ, ವರ್ಷಕ್ಕೊಮ್ಮೆ ಬದಲಿಸಿ. ಬೆಳಗಿನ ಎಳೆಬಿಸಿಲಲ್ಲಿ ಜಾಲರಿ ಪಂಜರದಲ್ಲಿ, ಪಕ್ಕಕ್ಕೆ ನೆರಳಿರುವಂತೆ, ಕಣ್ಗಾವಲಿನಲ್ಲಿ ಇಪ್ಪತ್ತು ಮೂವತ್ತು ನಿಮಿಷ ಬಿಡಬಹುದು. ಗಾಜಿನ ತೊಟ್ಟಿಯನ್ನು ಬಿಸಿಲಿಗಿಟ್ಟರೆ ನಿಮಿಷಗಳಲ್ಲೇ ಪ್ರಾಣ ಹೋಗುತ್ತದೆ. ಮೈಕಾಯಿಸುವ ಜಾಗ 38ರಿಂದ 42 ಡಿಗ್ರಿ, ತಂಪು ಬದಿ 25ರ ಆಸುಪಾಸು ಇರಲಿ. ದೀಪ ಆರಿಸುವ ಎರಡು ಗಂಟೆ ಮೊದಲೇ ಕೊನೆಯ ಹುಳು ಕೊಡಿ. ಮೈಬಿಸಿ ಇಲ್ಲದೆ ಅರಗುವುದಿಲ್ಲ. ಉಳಿದ ಕ್ರಿಕೆಟ್‌ಗಳನ್ನು ಹೊರತೆಗೆಯಿರಿ, ರಾತ್ರಿ ಅವು ಓತಿಯನ್ನೇ ಕಚ್ಚುತ್ತವೆ.

ಸೊಪ್ಪಿನಲ್ಲಿ ನುಗ್ಗೆ, ಹಿಪ್ಪುನೇರಳೆ ಎಲೆ, ದಾಸವಾಳದ ಹೂವು ಒಳ್ಳೆಯವು. ಪಾಲಕ್ ಕ್ಯಾಲ್ಸಿಯಂ ಕಟ್ಟಿಹಾಕುವುದರಿಂದ ದೂರವಿಡಿ. ಸಂತೆಯ ಸೊಪ್ಪನ್ನು ಎರಡು ಮೂರು ನೀರಿನಲ್ಲಿ ತೊಳೆಯಿರಿ.

ಬೆಳೆದ ಓತಿಗೆ ವಾರದ ಪಟ್ಟಿ

ಸೋಮವಾರ: ಕ್ರಿಕೆಟ್, ಕ್ಯಾಲ್ಸಿಯಂ ಪುಡಿ
ಗುರುವಾರ: ಡುಬಿಯಾ ಅಥವಾ ರೇಷ್ಮೆ ಹುಳು, ಡಿ3 ಪುಡಿ
ಶನಿವಾರ: ಸೋಲ್ಜರ್ ನೊಣದ ಮರಿಹುಳು, ಅದಕ್ಕೆ ಪುಡಿ ಬೇಡ, ಸಿಗದಿದ್ದರೆ ನಾಲ್ಕು ಸೂಪರ್‌ವರ್ಮ್, ಪುಡಿ ಸವರಿ
ಪ್ರತಿದಿನ: ಹೆಚ್ಚಿದ ಸೊಪ್ಪು

ವೈದ್ಯರ ಬಳಿಗೆ ಯಾವಾಗ?

ವಾರಕ್ಕೊಮ್ಮೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಬರೆದಿಡಿ. ತೂಕ ಸತತವಾಗಿ ಇಳಿದರೆ, ಕೈಕಾಲು ನಡುಗಿದರೆ, ದವಡೆ ಊದಿದರೆ, ಮಲದಲ್ಲಿ ಹುಳು ಕಂಡರೆ ತಡಮಾಡಬೇಡಿ. ಮೊಟ್ಟೆಯಿಡುವ ಹೆಣ್ಣಿಗೆ ಕ್ಯಾಲ್ಸಿಯಂ ಹೆಚ್ಚು ಬೇಕು, ಅದರ ಪ್ರಮಾಣವನ್ನೂ ವೈದ್ಯರನ್ನೇ ಕೇಳಿ. ಬಳ್ಳಾರಿಯ ಪಶು ಆಸ್ಪತ್ರೆಯಲ್ಲಿ ಮೊದಲು ತೋರಿಸಿ, ಸರೀಸೃಪಗಳನ್ನು ನೋಡಿ ಅಭ್ಯಾಸವಿರುವ ವೈದ್ಯರ ಹೆಸರು ಕೇಳಿಕೊಳ್ಳಿ. ಓತಿ, ಹುಳು ಮುಟ್ಟಿದ ಮೇಲೆ ಮಕ್ಕಳೂ ದೊಡ್ಡವರೂ ಸೋಪಿನಿಂದ ಕೈ ತೊಳೆಯಲೇಬೇಕು; ಸಾಲ್ಮೊನೆಲ್ಲಾ ಸೋಂಕು ಹರಡಬಹುದು.

ಕೊಳ್ಳುವಾಗ ಬಿಲ್ ಪಡೆಯಿರಿ. ನೋಂದಣಿಯ ನಿಯಮವೇನೆಂದು ಅರಣ್ಯ ಇಲಾಖೆಯಲ್ಲಿ ಕೇಳಿ ತಿಳಿಯಿರಿ. ಸಾಕಲಾಗದಿದ್ದರೆ ಹೊಲಕ್ಕೋ ಗುಡ್ಡಕ್ಕೋ ಬಿಡಬೇಡಿ, ಸಾಕಬಲ್ಲವರಿಗೆ ಒಪ್ಪಿಸಿ. ನಮ್ಮ ಗುಡ್ಡಗಳ ಉಡ, ಗೋಸುಂಬೆಯನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ.

ಚೆನ್ನಾಗಿ ನೋಡಿಕೊಂಡರೆ ಈ ಓತಿ ಹತ್ತು ವರ್ಷಕ್ಕೂ ಹೆಚ್ಚು ಬದುಕುತ್ತದೆ. ಆದ್ದರಿಂದ ಕ್ರಮ ತಲೆಕೆಳಗಾಗದಿರಲಿ: ಮೊದಲು ಹುಳುವಿನ ಡಬ್ಬ ಸಿದ್ಧವಾಗಲಿ, ಮೇವು ಮತ್ತು ಪುಡಿ ಕೈಗೆ ಬರಲಿ, ಯುವಿಬಿ ದೀಪ ಹತ್ತಲಿ. ಓತಿಯನ್ನು ಮನೆಗೆ ತರುವುದು ಆಮೇಲೆ.