ಹಾಜರಿ ಪುಸ್ತಕದ ಹೆಸರು

ರೂಪವನ್ನು ಕಂಡೊಡನೆ ಮನುಷ್ಯನನ್ನು ಅಳೆದುಬಿಡುವ ದುರಭ್ಯಾಸ ಎಲ್ಲ ದೇಶಗಳಲ್ಲಿಯೂ ಇದೆ. ಜನಕನ ಸಭೆಯಲ್ಲಿ ಅಷ್ಟಾವಕ್ರನನ್ನು ಕಂಡು ಪಂಡಿತರು ನಕ್ಕ ಕಥೆಯನ್ನು ನಾವು ತರಗತಿಗಳಲ್ಲಿ ಹೇಳುತ್ತಲೇ ಬಂದಿದ್ದೇವೆ. ಇಂಗ್ಲೆಂಡಿನಲ್ಲಿ ಬಾಳಿದ ಅಂಥ ಒಂದು ಜೀವದ ಕಥೆಯನ್ನು ನಿರ್ದೇಶಕ ಡೇವಿಡ್ ಲಿಂಚ್ ಅವರು 1980ರಲ್ಲಿ ‘ದಿ ಎಲಿಫೆಂಟ್ ಮ್ಯಾನ್’ ಎಂಬ ಕಪ್ಪು-ಬಿಳುಪು ಚಲನಚಿತ್ರವಾಗಿ ನಿರ್ಮಿಸಿದರು. ಹಳೆಯ ವಿದ್ಯಾರ್ಥಿಗಳೂ ಪೋಷಕರೂ ನೋಡಬೇಕಾದ ಚಿತ್ರವಿದು.

ಕಥಾನಾಯಕ ಜೋಸೆಫ್ ಮೆರಿಕ್ 1862ರಲ್ಲಿ ಲೆಸ್ಟರ್ ನಗರದಲ್ಲಿ ಜನಿಸಿದರು. ಬಾಲ್ಯದಿಂದಲೇ ಅವರ ತಲೆ, ಬಲಗೈ ಮತ್ತು ಚರ್ಮ ವಿಕಾರವಾಗಿ ಬೆಳೆಯತೊಡಗಿದವು. ಬೇರೆ ದುಡಿಮೆ ದೊರೆಯದೆ ನಿರ್ಗತಿಕರ ಆಶ್ರಯಗೃಹವನ್ನು ಸೇರಿದರು. ಅಲ್ಲಿಂದ ಬಿಡುಗಡೆ ಹೊಂದಲು 1884ರಲ್ಲಿ ತಾವಾಗಿಯೇ ಹಣಕ್ಕಾಗಿ ಪ್ರದರ್ಶನಕ್ಕೆ ನಿಂತರು. ಅದೇ ವರ್ಷ ಶಸ್ತ್ರವೈದ್ಯ ಫ್ರೆಡರಿಕ್ ಟ್ರೀವ್ಸ್ ಅವರನ್ನು ಕಂಡರು. 1886ರಲ್ಲಿ ಲಂಡನ್ ಆಸ್ಪತ್ರೆ ಅವರಿಗೆ ಆಶ್ರಯ ನೀಡಿತು. ಸಾರ್ವಜನಿಕರ ದೇಣಿಗೆಯಿಂದ ಅವರ ವೆಚ್ಚ ಸಾಗಿತು. ತಲೆಯ ಭಾರದಿಂದಾಗಿ ಅವರು ಕುಳಿತೇ ನಿದ್ರಿಸಬೇಕಿತ್ತು. 1890ರ ಏಪ್ರಿಲ್ 11ರಂದು, 27ನೆಯ ವಯಸ್ಸಿನಲ್ಲಿ, ಅಲ್ಲಿಯೇ ನಿಧನರಾದರು.

ಚಿತ್ರದಲ್ಲಿ ಮೆರಿಕ್ ಪಾತ್ರವನ್ನು ಜಾನ್ ಹರ್ಟ್, ಟ್ರೀವ್ಸ್ ಪಾತ್ರವನ್ನು ಆಂಟನಿ ಹಾಪ್‌ಕಿನ್ಸ್ ವಹಿಸಿದ್ದಾರೆ. ಅಧ್ಯಾಪಕನಾದ ನನ್ನನ್ನು ತಟ್ಟಿದ್ದು ಒಂದು ಸನ್ನಿವೇಶ. ಬುದ್ಧಿ ಇದೆಯೆಂದು ಆಸ್ಪತ್ರೆಯ ಮುಖ್ಯಸ್ಥರಿಗೆ ತೋರಿಸಲು ವೈದ್ಯರು ಮೆರಿಕ್‌ಗೆ ಬೈಬಲಿನ ಕೀರ್ತನೆಯೊಂದರ ಕೆಲವು ಸಾಲುಗಳನ್ನು ಬಾಯಿಪಾಠ ಮಾಡಿಸುತ್ತಾರೆ. ಇದು ಬರಿಯ ಗಿಳಿಪಾಠವೆಂದು ಮುಖ್ಯಸ್ಥರು ಹೊರನಡೆದ ಮೇಲೆ, ಕಲಿಸದೆ ಬಿಟ್ಟ ಸಾಲುಗಳನ್ನೂ ಅವರು ತಾವಾಗಿಯೇ ಹೇಳುತ್ತಾರೆ. ಓದುಬರಹ ಅವರಿಗೆ ಮೊದಲೇ ತಿಳಿದಿತ್ತು. ಯಾರೂ ಕೇಳಿರಲಿಲ್ಲ, ಅಷ್ಟೆ.

ಇನ್ನೊಂದು ಸಂಗತಿಯೂ ವಿಚಾರಾರ್ಹ. 1923ರಲ್ಲಿ ಪ್ರಕಟವಾದ ತಮ್ಮ ಸ್ಮರಣೆಗಳಲ್ಲಿ ಟ್ರೀವ್ಸ್ ಅವರು ಜೋಸೆಫ್‌ರನ್ನು ‘ಜಾನ್’ ಎಂದು ಬರೆದರು. ಚಿತ್ರದಲ್ಲಿಯೂ ಅದೇ ಹೆಸರು ಉಳಿಯಿತು. ಸಂತೆಯ ಜನ ಅಡ್ಡಹೆಸರಿಟ್ಟರು; ಕರುಣೆಯಿಂದ ಕಂಡವರ ಬರಹದಲ್ಲಿಯೂ ನಿಜನಾಮ ತಪ್ಪಿತು. ಕರುಣೆಗೂ ಗೌರವಕ್ಕೂ ಇರುವ ಅಂತರ ಇಷ್ಟೇ.

ಈ ತಪ್ಪಿಗೆ ನಾನೂ ಹೊರತಲ್ಲ. ಸುಮಾರು ನಲವತ್ತು ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ಬೆಂಕಿಯಿಂದ ಮುಖ ಸುಟ್ಟಿದ್ದ ಬಾಲಕನೊಬ್ಬನಿದ್ದ. ಗುಂಪು ಭಾವಚಿತ್ರ ತೆಗೆಯುವ ದಿನ, ಅವನಿಗೆ ಸಂಕೋಚವಾಗದಿರಲೆಂದು ಹಿಂದಿನ ಸಾಲಿನ ಕೊನೆಯಲ್ಲಿ ನಿಲ್ಲಿಸಿದೆ. ಅವನ ಇಷ್ಟವನ್ನು ಕೇಳಲಿಲ್ಲ. ಸಂಕೋಚ ಅವನದಲ್ಲ, ನನ್ನದಾಗಿತ್ತೆಂಬುದು ಈ ಚಿತ್ರವನ್ನು ನೋಡಿದ ರಾತ್ರಿ ಮನದಟ್ಟಾಯಿತು. ಸಹಪಾಠಿಗಳು ಇಟ್ಟ ಅಡ್ಡಹೆಸರನ್ನು ನಾನು ಬರೆಯಲಾರೆ. ಹಾಜರಿ ಪುಸ್ತಕದ ಹೆಸರು ಮಾತ್ರ ನೆನಪಿದೆ.

ಸುವರ್ಣ ಮಹೋತ್ಸವಕ್ಕೆ ಆ ಶಿಷ್ಯ ಬಂದರೆ, ಈ ಸಲದ ಭಾವಚಿತ್ರದಲ್ಲಿ ಎಲ್ಲಿ ನಿಲ್ಲಬೇಕೆಂಬುದನ್ನು ಅವನೇ ನಿರ್ಧರಿಸಲಿ. ಅವನು ಒಪ್ಪಿದರೆ ಅವನ ಪಕ್ಕದಲ್ಲಿ ನಿಲ್ಲುವ ಆಸೆ ನನಗಿದೆ.