ಮೇದೋಜೀರಕ ಗ್ರಂಥಿಯ ಕ್ಯಾನ್ಸರ್: ತಿಳಿಯೋಣ, ತಡ ಮಾಡದಿರೋಣ

ಪಾಠದ ಉದ್ದೇಶ: ಈ ಕಾಯಿಲೆ ದೇಹದ ಕಾವಲನ್ನು ಹೇಗೆ ತಪ್ಪಿಸುತ್ತದೆ ಎಂದು ತಿಳಿಯುವುದು. ಅದರ ಲಕ್ಷಣ ಕಂಡಾಗ ಏನು ಮಾಡಬೇಕೆಂದು ಸಂಘದಲ್ಲಿ ನಿರ್ಧರಿಸುವುದು.



ಬಾಯಿ, ಸ್ತನ, ಗರ್ಭಕೋಶದ ಕ್ಯಾನ್ಸರ್ ಬಗ್ಗೆ ನಾವೆಲ್ಲ ಕೇಳಿದ್ದೇವೆ. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಬಗ್ಗೆ ಕೇಳಿದವರು ಕಡಿಮೆ. ಈ ಗ್ರಂಥಿ ಜಠರದ ಹಿಂದೆ, ಬೆನ್ನಿನ ಕಡೆಗೆ ಇದೆ. ಊಟ ಅರಗಿಸುವ ರಸವನ್ನೂ ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್ನನ್ನೂ ತಯಾರಿಸುತ್ತದೆ. ಒಳಗೆ ಇರುವುದರಿಂದ ಗಂಟು ಬೆಳೆದರೂ ಕೈಗೆ ಸಿಗುವುದಿಲ್ಲ. ನೆರೆಯ ಗೋವಾದ ಮುಖ್ಯಮಂತ್ರಿಯಾಗಿದ್ದ ಮನೋಹರ ಪರ್ರಿಕರ್ ಮುಂಬೈ, ದೆಹಲಿ, ಅಮೆರಿಕದಲ್ಲಿ ಚಿಕಿತ್ಸೆ ಪಡೆದರೂ ಇದೇ ಕಾಯಿಲೆಯಿಂದ 2019ರ ಮಾರ್ಚ್ 17ರಂದು ತೀರಿಕೊಂಡರು.

ಪುಸ್ತಕ ಒಂದೇ, ತೆರೆಯುವ ಪುಟ ಬೇರೆ

ನಮ್ಮ ಸಂಘಕ್ಕೆ ನಿಯಮಗಳ ಪುಸ್ತಕ ಇದೆಯಲ್ಲವೇ? ಹಾಗೆಯೇ ದೇಹದ ಜೀವಕೋಶಗಳಲ್ಲಿಯೂ ಒಂದು ಪುಸ್ತಕ ಇದೆ. ಅದರ ಒಂದೊಂದು ಪುಟವನ್ನು ವಂಶವಾಹಿ, ಅಂದರೆ ಜೀನ್ ಎನ್ನುತ್ತಾರೆ. ಕಣ್ಣಿನ ಕೋಶಕ್ಕೂ ಹೊಟ್ಟೆಯ ಕೋಶಕ್ಕೂ ಪುಸ್ತಕ ಒಂದೇ, ಆದರೆ ತಮಗೆ ಬೇಕಾದ ಪುಟವನ್ನಷ್ಟೇ ತೆರೆಯುತ್ತವೆ. ಯಾವ ಪುಟ ಯಾವಾಗ ತೆರೆಯಬೇಕು, ಯಾವಾಗ ಮುಚ್ಚಬೇಕು ಎಂಬ ಹತೋಟಿ ತಪ್ಪಿದಾಗ ಕ್ಯಾನ್ಸರ್ ಹುಟ್ಟುತ್ತದೆ.

'ಬೆಳೆ' ಎಂದು ಹೇಳುವ ಒಂದು ಪುಟದ ಹೆಸರು ಕೆ-ರಾಸ್. ಈ ಕ್ಯಾನ್ಸರ್ ಬಂದ ನೂರು ಜನರಲ್ಲಿ ತೊಂಬತ್ತಕ್ಕೂ ಹೆಚ್ಚು ಮಂದಿಯಲ್ಲಿ ಅದು ಕೆಟ್ಟು, ಮುಚ್ಚಲಾರದೆ ತೆರೆದೇ ಉಳಿದಿರುತ್ತದೆ. 'ನಿಲ್ಲು' ಎಂದು ಹೇಳುವ ಪಿ-53ರಂಥ ಪುಟಗಳು ಹರಿದು ಹೋಗಿರುತ್ತವೆ. ಇನ್ನು ಕೆಲವು ಪುಟಗಳು ಹರಿಯದಿದ್ದರೂ ಒಂದಕ್ಕೊಂದು ಅಂಟಿಕೊಂಡು ಓದಲು ಬಾರದಂತಾಗುತ್ತವೆ. ಆಗ ಕೋಶಗಳು ಲಂಗುಲಗಾಮಿಲ್ಲದೆ ಬೆಳೆಯುತ್ತವೆ.

ಕಾವಲುಗಾರರನ್ನೇ ತಡೆಯುತ್ತದೆ

ಕೆಟ್ಟ ಕೋಶಗಳನ್ನು ಹುಡುಕಿ ಕೊಲ್ಲುವ ಕಾವಲುಗಾರರು ನಮ್ಮ ರಕ್ತದಲ್ಲಿದ್ದಾರೆ. ಅವರೇ ಬಿಳಿ ರಕ್ತಕಣಗಳು. ಆದರೆ ಕೆ-ರಾಸ್ ಪುಟ ತೆರೆದೇ ಇರುವುದರಿಂದ ಕ್ಯಾನ್ಸರ್ ಕೋಶ ಸುಳ್ಳು ಸಂದೇಶ ಕಳಿಸುತ್ತದೆ. ಆ ಸಂದೇಶಕ್ಕೆ ಬೇರೊಂದು ಜಾತಿಯ ರಕ್ತಕಣಗಳು ಬಂದು ಗುಂಪುಗೂಡಿ, ಕೊಲ್ಲಲು ಬಂದವರನ್ನೇ ತಡೆಯುತ್ತವೆ. ಗಂಟಿನ ಸುತ್ತ ನಾರಿನಂಥ ಗಟ್ಟಿ ಗೋಡೆ ಏಳುತ್ತದೆ. ಔಷಧಿ ಕೂಡ ಒಳಗೆ ಸರಿಯಾಗಿ ಇಳಿಯುವುದಿಲ್ಲ.

ಆದ್ದರಿಂದ ರೋಗನಿರೋಧಕ ಶಕ್ತಿ ಹೆಚ್ಚಿಸುತ್ತೇವೆಂದು ಮಾರುವ ಟಾನಿಕ್, ಪುಡಿಗಳಿಂದ ಈ ಕ್ಯಾನ್ಸರ್ ವಾಸಿಯಾಗುವುದಿಲ್ಲ. ಕಾವಲುಗಾರರಿಗೆ ಶಕ್ತಿ ಇಲ್ಲವೆಂದಲ್ಲ, ಅವರ ಕೈ ಕಟ್ಟಿ ಹಾಕಲಾಗಿದೆ. ಕೆಟ್ಟ ಕೆ-ರಾಸ್‌ನ ಒಂದು ಬಗೆಯನ್ನು ತಡೆಯುವ ಮೊದಲ ಔಷಧಿಗೆ 2021ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು, ಅದು ಶ್ವಾಸಕೋಶದ ಕ್ಯಾನ್ಸರ್‌ಗೆ. ನಮಗೆ ಇಂದಿಗೂ ದೊಡ್ಡ ಆಸರೆ ಎಂದರೆ ಬೇಗ ಪತ್ತೆ ಹಚ್ಚಿ ಆಪರೇಷನ್ ಮಾಡಿಸುವುದು. ಆದರೆ ತಡವಾಗಿ ಗೊತ್ತಾಗುವುದರಿಂದ ನೂರರಲ್ಲಿ ಸುಮಾರು 15ರಿಂದ 20 ಮಂದಿಗೆ ಮಾತ್ರ ಆ ಅವಕಾಶ ಸಿಗುತ್ತದೆ.

ಯಾಕೆ ಬರುತ್ತದೆ?

ಬೀಡಿ, ಸಿಗರೇಟು ಸೇದುವವರಿಗೆ ಅಪಾಯ ಸುಮಾರು ಎರಡು ಪಟ್ಟು. ಸವಣೂರಿನ ಎಲೆ ಹೆಸರುವಾಸಿ. ಆದರೆ ಎಲೆಯೊಳಗೆ ತಂಬಾಕು ಸೇರಿದರೆ ಅದೂ ಈ ಕ್ಯಾನ್ಸರ್‌ಗೆ ದಾರಿ. ವಯಸ್ಸು, ಬೊಜ್ಜು, ಸಕ್ಕರೆ ಕಾಯಿಲೆ, ಕುಡಿತದಿಂದ ಗ್ರಂಥಿಗೆ ಬರುವ ಬಹುಕಾಲದ ಬಾವು ಕೂಡ ಕಾರಣ. ಸುಮಾರು ಹತ್ತರಲ್ಲಿ ಒಬ್ಬರಿಗೆ ಮಾತ್ರ ವಂಶದಿಂದ ಬರುತ್ತದೆ. ಇದು ಮಾಟವಲ್ಲ, ದೇವರ ಶಿಕ್ಷೆಯಲ್ಲ, ಅಂಟುರೋಗವೂ ಅಲ್ಲ. ರೋಗಿಯ ಜೊತೆ ಕೂತು ಉಣ್ಣಬಹುದು.

ಈ ಲಕ್ಷಣ ಕಂಡರೆ

* ಹೊಟ್ಟೆನೋವಿಲ್ಲದೆ ಕಣ್ಣು ಹಳದಿಯಾಗುವುದು, ಮೂತ್ರ ಗಾಢ ಬಣ್ಣವಾಗುವುದು, ಮಲ ಬಿಳಿಚುವುದು, ಮೈ ತುರಿಕೆ.
* ಹೊಟ್ಟೆಯಿಂದ ಬೆನ್ನಿಗೆ ಹಾಯುವ, ರಾತ್ರಿ ಹೆಚ್ಚುವ ನೋವು.
* ಕಾರಣವಿಲ್ಲದೆ ತೂಕ ಇಳಿಯುವುದು, ಹಸಿವು ಸಾಯುವುದು.
* ಐವತ್ತು ದಾಟಿದವರಿಗೆ ಒಮ್ಮೆಲೇ ಸಕ್ಕರೆ ಕಾಯಿಲೆ ಬರುವುದು.

ಇವು ಹೆಚ್ಚಾಗಿ ಬೇರೆ ಕಾಯಿಲೆಯಿಂದಲೇ ಬರುತ್ತವೆ, ಹೆದರಬೇಡಿ. ಆದರೆ "ಗ್ಯಾಸ್ ಆಗೇತಿ ಬಿಡ್ರಿ", "ಕಾಮಣಿ ಆಗೇತಿ, ನಾಟಿ ಔಷಧಿ ಹಾಕಿಸೋಣ" ಎಂದು ವಾರಗಟ್ಟಲೆ ಕಳೆಯಬೇಡಿ. ಆ ವಾರಗಳಲ್ಲೇ ಆಪರೇಷನ್ನಿನ ಅವಕಾಶ ಕೈತಪ್ಪಬಹುದು.

ಮೊದಲು ತಾಲೂಕು ಆಸ್ಪತ್ರೆಗೆ ಹೋಗಿ. ರಕ್ತಪರೀಕ್ಷೆ, ಸ್ಕ್ಯಾನಿಂಗ್ ಬಗ್ಗೆ ಕೇಳಿ. ಮುಂದಿನ ಚಿಕಿತ್ಸೆಗೆ ಹುಬ್ಬಳ್ಳಿಯಲ್ಲಿ ಜನ ಕಿಮ್ಸ್ ಎನ್ನುವ ಸರ್ಕಾರಿ ಆಸ್ಪತ್ರೆ, ನವನಗರದ ಕ್ಯಾನ್ಸರ್ ಆಸ್ಪತ್ರೆ, ಬೆಂಗಳೂರಿನಲ್ಲಿ ಕಿದ್ವಾಯಿ ಇವೆ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ರೇಷನ್ ಕಾರ್ಡ್, ಆಧಾರ್ ಮತ್ತು ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಜೊತೆಗಿರಲಿ.

ಸಭೆಯಲ್ಲಿ ಚರ್ಚಿಸಿ

1. ನಮ್ಮಲ್ಲಿ ಎಷ್ಟು ಮನೆಗಳಲ್ಲಿ ತಂಬಾಕು ಬಳಕೆ ಇದೆ? ಬಿಡಿಸಲು ಏನು ಮಾಡೋಣ?
2. ಎಲ್ಲರಿಗೂ ಉಣಿಸಿ ತನ್ನ ನೋವನ್ನು ಮುಚ್ಚಿಡುವ ಅಕ್ಕ ನಮ್ಮ ನಡುವೆ ಇದ್ದಾಳೆಯೇ?
3. ಆಸ್ಪತ್ರೆಗೆ ಹೋಗುವ ಸದಸ್ಯೆಗೆ ಅದೇ ದಿನ ಸಂಘದಿಂದ ಸಾಲ ಸಿಗುವಂತೆ ಠರಾವು ಮಾಡೋಣವೇ? ಅವಳ ಜೊತೆ ಯಾರು ಹೋಗುತ್ತೀರಿ?